ಒಂದೇ ಸೈಟಿನ ಕುಕೀ

ಇವತ್ತು ವಿಜಯಪುರದಲ್ಲಿ ಕಾಕಾನ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಅವರ ಫೋನಿನಲ್ಲಿ ಬಿಲ್ ಕಟ್ಟುವ ಸೈಟು ಎಷ್ಟು ಸಲ ಲಾಗಿನ್ ಆದರೂ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತಿತ್ತು. "ಕುಕೀ ಎಲ್ಲಾ ಅಳಿಸಿಬಿಡ್ಲೇನವಾ?" ಅಂದರು. ಜೋಳದ ಹಿಟ್ಟು ಹತ್ತಿದ ಬೆರಳು ಆಗಲೇ ಪರದೆಯ ಮೇಲಿತ್ತು. ಬೇಡ ಕಾಕಾ ಅಂದೆ. ಎಲ್ಲಾ ಅಳಿಸಿದರೆ ಉಳಿದ ಸೈಟುಗಳೂ ಲಾಗೌಟ್ ಆಗುತ್ತವೆ, ಸುಮ್ನೆ ತ್ರಾಸು.

ಕುಕೀ ಅಂದರೆ ಸೈಟು ನಮ್ಮ ಬ್ರೌಸರ್‌ನಲ್ಲಿ ಬರೆದಿಡುವ ಪುಟ್ಟ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ ಶುರುಮಾಡಿದ್ದು. ಕಾಕಾನ ಉದ್ರಿ ವಹಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇದೆಯಲ್ವಾ, ಹಾಗೇ.

ಕ್ರೋಮ್‌ನಲ್ಲಿ ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ಆ ಸೈಟಿನ ಕುಕೀ ಮಾತ್ರ ಅಳಿಸಿದೆವು. ಬಿಲ್ ಕಟ್ಟಿದ ಮೇಲೆ ಕಾಕಾ ಪರದೆಯನ್ನು ಧೋತರದ ಅಂಚಿನಿಂದ ಒರೆಸಿಕೊಂಡರು.