ವೈಕ್ ಆನ್ ಜೇಯಲ್ಲಿ ಚೆಸ್ ನೋಡಲು ಹೋಗುವವರಿಗೆ

ಬಸ್ಸಿನಿಂದ ಇಳಿದ ಅಪ್ಪ ಮೊದಲು ಮಾಡಿದ ಕೆಲಸ ಮಫ್ಲರನ್ನು ಕಿವಿಯ ಮೇಲೆ ಎರಡು ಸುತ್ತು ಬಿಗಿದುಕೊಂಡದ್ದು. ಉತ್ತರ ಸಮುದ್ರದ ಗಾಳಿ ಮಲೆನಾಡಿನ ಚಳಿಯಂತಲ್ಲ, ಗುಂಡಿಗಳ ಸಂದಿಯನ್ನು ಹುಡುಕಿಕೊಂಡು ಒಳಗೆ ನುಗ್ಗುತ್ತದೆ. ಅಂದು 2025ರ ಫೆಬ್ರುವರಿ 2, ಭಾನುವಾರ. ಟಾಟಾ ಸ್ಟೀಲ್ ಚೆಸ್ ಪಂದ್ಯಾವಳಿಯ ಹದಿಮೂರನೆಯ, ಅಂದರೆ ಕೊನೆಯ ಸುತ್ತು. ನಮ್ಮ ದೇಶದವರೇ ಆದ ವಿಶ್ವ ಚಾಂಪಿಯನ್ ಗುಕೇಶ್ ಮತ್ತು ಪ್ರಜ್ಞಾನಂದ ಸಮಸಮ ಅಂಕಗಳೊಂದಿಗೆ ಮುಂಚೂಣಿಯಲ್ಲಿದ್ದರು. ಮಲೆನಾಡಿನ ಸಾಗರದಿಂದ ಮೂರು ತಿಂಗಳ ಮಟ್ಟಿಗೆ ನನ್ನ ಮನೆಗೆ ಬಂದಿದ್ದ ಅಪ್ಪನಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ನೋಡಬೇಕಿದ್ದುದು ಇದೊಂದೇ.

ವೈಕ್ ಆನ್ ಜೇ ಒಂದು ಪುಟ್ಟ ಕಡಲತೀರದ ಊರು. ಹುಲ್ಲಿನ ಬಯಲು, ಒಂದು ಚರ್ಚು, ಮರಳ ದಿಬ್ಬಗಳು, ದಿಬ್ಬ ಹತ್ತಿದರೆ ದಕ್ಷಿಣಕ್ಕೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು. ಆ ಕಾರ್ಖಾನೆಯೇ ಪಂದ್ಯಾವಳಿಯ ತಾಯಿಬೇರು. 1938ರಲ್ಲಿ ಹೋಗೊವೆನ್ಸ್ ಎಂಬ ಹೆಸರಿನಿಂದ ಪಕ್ಕದ ಬೇವರ್‌ವೈಕ್‌ನಲ್ಲಿ ಶುರುವಾಗಿ, 1968ರಲ್ಲಿ ಇಲ್ಲಿಗೆ ಬಂತು. ಕಾರ್ಖಾನೆಯ ಒಡೆತನ ಬದಲಾದ ಹಾಗೆ ಹೆಸರೂ ಬದಲಾಗಿ, 2011ರಿಂದ ಟಾಟಾ ಸ್ಟೀಲ್ ಆಯಿತು. ವಿಶ್ವನಾಥನ್ ಆನಂದ್ ಇಲ್ಲಿ ಐದು ಬಾರಿ ಪ್ರಶಸ್ತಿ ಗೆದ್ದಿದ್ದಾರೆ, ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎಂಟು ಬಾರಿ. 1999ರಲ್ಲಿ ಬಲ್ಗೇರಿಯಾದ ಟೋಪಲೋವ್ ವಿರುದ್ಧ ರಷ್ಯಾದ ಕಾಸ್ಪರೋವ್ ಆನೆಯನ್ನು ಬಲಿಕೊಟ್ಟು ಗೆದ್ದ ಆಟ ನಡೆದದ್ದೂ ಇಲ್ಲಿಯೇ. ಅಪ್ಪನಿಗೆ ಆ ಆಟದ ಅರ್ಧದಷ್ಟು ನಡೆಗಳು ಬಾಯಿಪಾಠ.

ಹೋಗುವ ದಾರಿ ಸುಲಭ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಿಂದ ಹಾರ್ಲೆಮ್ ಮಾರ್ಗವಾಗಿ ಬೇವರ್‌ವೈಕ್‌ಗೆ ರೈಲು, ಅಲ್ಲಿಂದ ಬಸ್. ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಂಡರೆ ಗಡಿಬಿಡಿಯಿಲ್ಲ. ಟಿಕೆಟ್ ಕೊಳ್ಳಬೇಕಾಗಿಲ್ಲ, ಸಂಪರ್ಕರಹಿತ ಪಾವತಿಯ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಸಾಕು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ರೈಲಿನಿಂದ ಇಳಿದಾಗ ಮತ್ತೊಮ್ಮೆ ಅದೇ ಕಾರ್ಡ್ ತೋರಿಸುವುದನ್ನು ಮರೆಯಬೇಡಿ, ಮರೆತರೆ ಹೆಚ್ಚು ಹಣ ಕಡಿತವಾಗುತ್ತದೆ. ಅಪ್ಪನ ಕಾರ್ಡಿನ ವಿಷಯದಲ್ಲಿ ಹೀಗೆಯೇ ಆಯಿತು. ಬಸ್ ಹೊರಡುವ ಆತುರದಲ್ಲಿ ಅವರನ್ನು ಕೈಹಿಡಿದು ನೇರವಾಗಿ ಹೊರಗೆ ಕರೆತಂದುಬಿಟ್ಟಿದ್ದೆ. ಭಾರತದಿಂದಲೇ ಇದಕ್ಕಾಗಿ ಬರುವವರು ಷೆಂಗೆನ್ ವೀಸಾಕ್ಕೆ ದೀಪಾವಳಿಯ ಹೊತ್ತಿಗಾದರೂ ಅರ್ಜಿ ಹಾಕಿಬಿಡಿ, ಪಂದ್ಯಾವಳಿ ಶುರುವಾಗುವುದು ಜನವರಿಯಲ್ಲಿ.

ಸುತ್ತುಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ ಆರಂಭವಾಗುತ್ತವೆ, ಆದರೆ ಕೊನೆಯ ಸುತ್ತು ಹನ್ನೆರಡಕ್ಕೆ. ನಡುವೆ ವಿಶ್ರಾಂತಿಯ ದಿನಗಳಿರುತ್ತವೆ, ಕೆಲವು ವರ್ಷ ಒಂದೆರಡು ಸುತ್ತುಗಳನ್ನು ಬೇರೆ ನಗರದಲ್ಲಿ ಆಡಿಸುವುದೂ ಉಂಟು. ಪ್ರವೇಶದ ನಿಯಮಗಳ ಜೊತೆಗೆ ಇದನ್ನೂ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಆಟ ನಡೆಯುವುದು ಊರಿನ ದೆ ಮೊರಿಯಾನ್ ಎಂಬ ಸಮುದಾಯ ಭವನದಲ್ಲಿ. ನಮ್ಮ ಕಡೆಯ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪವನ್ನು ನೆನೆಸಿಕೊಳ್ಳಿ, ಅದಕ್ಕಿಂತ ದೊಡ್ಡ ಆಡಂಬರವಿಲ್ಲ. ಇದೇ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಒಂದು ತುದಿಯಲ್ಲಿ ಹಗ್ಗದಾಚೆ ವಿಶ್ವ ಚಾಂಪಿಯನ್, ಅದೇ ಸೂರಿನ ಕೆಳಗೆ ಪಂದ್ಯಾವಳಿಯ ದಿನಗಳಲ್ಲಿ ಸಾಲುಸಾಲು ಮೇಜುಗಳಲ್ಲಿ ನಿವೃತ್ತ ಮೇಷ್ಟರು, ಶಾಲೆಯ ಹುಡುಗಿಯರು, ಅಂಚೆ ಹಂಚುವವರು. ಹವ್ಯಾಸಿಗಳಿಗೆ ಹತ್ತು ಜನರ ಗುಂಪುಗಳೂ, ವಾರಾಂತ್ಯಕ್ಕೆ ನಾಲ್ಕು ಜನರ ಗುಂಪುಗಳೂ ಇರುತ್ತವೆ. ಕೈಲಾದರೆ ನೋಡಲಷ್ಟೇ ಅಲ್ಲ, ಆಡಲೂ ಹೆಸರು ಕೊಡಿ. ಮುಂದಿನ ಬಾರಿ ನಾನು ಕೊಡುತ್ತೇನೆ.

ಒಳಗೆ ಹೋದ ಮೇಲೆ ಮೊಬೈಲನ್ನು ಪೂರ್ತಿ ಆರಿಸಿಬಿಡಿ. ನಿಯಮ ಇರುವುದರಿಂದ ಮಾತ್ರ ಹೇಳುತ್ತಿಲ್ಲ. ಮನೆಯಲ್ಲಿ ನೇರಪ್ರಸಾರ ನೋಡುವಾಗ ಪರದೆಯ ಪಕ್ಕದಲ್ಲಿ ಯಾರ ಕೈ ಮೇಲಿದೆಯೆಂದು ಹೇಳುವ ಗಣಕದ ಅಂದಾಜಿನ ಪಟ್ಟಿ ಏರಿಳಿಯುತ್ತಿರುತ್ತದೆ. ಯಾರು ತಪ್ಪಿದರೆಂದು ಆಟಗಾರನಿಗಿಂತ ಮೊದಲೇ ನಮಗೆ ಗೊತ್ತಾಗುತ್ತದೆ. ಸಭಾಂಗಣದಲ್ಲಿ ಆ ಆಸರೆ ಇಲ್ಲ. ನಾವೇ ಲೆಕ್ಕ ಹಾಕಬೇಕು, ಮುಖ ಓದಬೇಕು. ಗುಕೇಶ್ ಕಣ್ಣು ಮುಚ್ಚಿ ಕುಳಿತರೆ ನಿದ್ದೆಯೆಂದು ಯಾರೂ ಭ್ರಮಿಸುವುದಿಲ್ಲ. ಮುಚ್ಚಿದ ರೆಪ್ಪೆಯ ಹಿಂದೆ ಹಲಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಪ್ರಜ್ಞಾನಂದನ ಹಣೆಯಲ್ಲಿ ಎಂದಿನಂತೆ ವಿಭೂತಿ. ಅಪ್ಪ ನನ್ನ ತೋಳು ಹಿಡಿದು, ‘ಹುಡುಗ ಒಂಟೆಯನ್ನು ಮುಟ್ಟುವ ರೀತಿ ನೋಡು’ ಎಂದು ಪಿಸುಗುಟ್ಟಿದರು. ಮುಂದೆ ನಿಂತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು. ಪಿಸುಮಾತೂ ಅಲ್ಲಿ ಗಟ್ಟಿಯಾಗಿಯೇ ಕೇಳುತ್ತದೆ, ಕೆಮ್ಮು ಇದ್ದವರು ಜೇಬಿನಲ್ಲಿ ಶುಂಠಿ ಪೆಪ್ಪರಮೆಂಟು ಇಟ್ಟುಕೊಳ್ಳಿ.

ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಆಡುತ್ತಿದ್ದ ಮೊದಲ ಪಂದ್ಯಾವಳಿ ಅದು. ಎದುರಿಗೆ ಅರ್ಜುನ್ ಎರಿಗೈಸಿ, ಆ ಸಲ ಪಟ್ಟಿಯ ಕೆಳಭಾಗದಲ್ಲಿದ್ದ ಆಟಗಾರ. ಗೆದ್ದದ್ದು ಅರ್ಜುನ್. ಕೈಕುಲುಕಿ ಎದ್ದಾಗ ಸಭಾಂಗಣದಲ್ಲಿ ಒಂದು ದೊಡ್ಡ ಉಸಿರು ಹೊರಬಿದ್ದದ್ದು ನಮಗೆಲ್ಲ ಕೇಳಿಸಿತು. ಪ್ರಜ್ಞಾನಂದನಿಗೆ ಇನ್ನು ಡ್ರಾ ಸಾಕು, ಪ್ರಶಸ್ತಿ ಅವನದೇ. ಆದರೆ ಜರ್ಮನಿಯ ವಿನ್ಸೆಂಟ್ ಕೈಮರ್ ಎದುರು ಅವನ ಸ್ಥಿತಿ ಚೆನ್ನಾಗಿರಲಿಲ್ಲ.

ಇಲ್ಲಿ ಕೆಲವರು ಹೊರಟುಹೋದರು. ನೀವು ಆ ತಪ್ಪು ಮಾಡಬೇಡಿ. ಸರದಿಯಂತೆ ಹೊರಗೆ ಹೋಗಿ ಕುಳಿತು ಬನ್ನಿ, ವಿಶ್ಲೇಷಣೆ ನಡೆಯುವ ಜಾಗಕ್ಕೆ ಹೋಗಿ ಬನ್ನಿ, ಆದರೆ ಊರು ಬಿಡಬೇಡಿ. ನಾವು ಮಧ್ಯೆ ಬಟಾಣಿ ಸೂಪಿನ ಆಸೆಯಿಂದ ಹೊರಬಂದೆವು. ಯುದ್ಧ ಮುಗಿದ ಬಳಿಕ 1946ರಲ್ಲಿ, ಆಹಾರದ ಕೊರತೆಯ ಕಾಲದಲ್ಲಿ, ಸಮಾರೋಪದ ಔತಣಕ್ಕೆ ಬಟಾಣಿ ಸೂಪು ಬಡಿಸಿದ್ದರಂತೆ. ಅಂದಿನಿಂದ ಅದು ಈ ಪಂದ್ಯಾವಳಿಯ ಸಂಪ್ರದಾಯ. ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸ ಇರುತ್ತದೆ. ನಮ್ಮನ್ನು ಕಾಪಾಡಿದ್ದು ಮನೆಯಿಂದ ಸುತ್ತಿ ತಂದಿದ್ದ ಚಪಾತಿ ಮತ್ತು ಆಲೂಗಡ್ಡೆ ಪಲ್ಯ. ಚರ್ಚಿನ ಗೋಡೆಯ ಮರೆಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ತಿಂದೆವು. ವಯಸ್ಸಾದವರನ್ನು ಕರೆತರುವವರು ಫ್ಲಾಸ್ಕಿನಲ್ಲಿ ಬಿಸಿನೀರು ಮತ್ತು ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಹೊರಗೆ ಕೊರೆಯುವ ಚಳಿ, ಒಳಗೆ ಜನರ ಬಿಸಿ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕಿದ ಬಟ್ಟೆ ಮೇಲು.

ಮರಳಿ ಬಂದಾಗಲೂ ಪ್ರಜ್ಞಾನಂದ ಕುಳಿತೇ ಇದ್ದ. ಉಳಿದ ಹಲಗೆಗಳು ಒಂದೊಂದಾಗಿ ಖಾಲಿಯಾದವು. ಹೊರಗೆ ಕತ್ತಲಾಯಿತು. ಗೆಲ್ಲುವ ಆಸೆಯಿಲ್ಲದ ಆಟವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲುವುದು ಎಷ್ಟು ದಣಿವಿನ ಕೆಲಸವೆಂದು ಅವನ ಭುಜಗಳನ್ನು ನೋಡಿದರೇ ತಿಳಿಯುತ್ತಿತ್ತು. ಕೊನೆಗೆ ಅವನೂ ಸೋತ. ಇಬ್ಬರಿಗೂ 8.5 ಅಂಕ, ಇಬ್ಬರೂ ಅದೇ ದಿನ ಸೋತವರು, ಗೆದ್ದವರು ಯಾರೆಂದು ತೀರ್ಮಾನಿಸಲು ಟೈಬ್ರೇಕ್, ಅಂದರೆ ಕೆಲವೇ ನಿಮಿಷಗಳ ಬ್ಲಿಟ್ಜ್ ಆಟಗಳು ಅನಿವಾರ್ಯ. ಗುಕೇಶ್‌ಗೆ ಸುಧಾರಿಸಿಕೊಳ್ಳಲು ಹೊತ್ತು ದೊರೆತಿತ್ತು, ಪ್ರಜ್ಞಾನಂದ ಆಗಷ್ಟೇ ಸೋಲುಂಡು ಎದ್ದವನು.

ಬ್ಲಿಟ್ಜ್ ನೋಡುವುದಕ್ಕೆ ಜಾಗ ಹಿಡಿಯುವುದು ಬೇರೆಯೇ ಕೆಲಸ. ಕೊನೆಯ ದೀರ್ಘ ಆಟ ಮುಗಿಯುವ ಸೂಚನೆ ಸಿಕ್ಕಿದ ಕೂಡಲೇ ಹಗ್ಗದ ಬಳಿಗೆ ಸರಿಯಿರಿ. ಆಮೇಲೆ ಹೋದರೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಾನು ಅಪ್ಪನನ್ನು ಮುಂದೆ ನಿಲ್ಲಿಸಿ ಹಿಂದೆ ನಿಂತೆ. ಮೊದಲ ಆಟ ಗುಕೇಶನ ಪಾಲಾಯಿತು. ಎರಡನೆಯದನ್ನು ಪ್ರಜ್ಞಾನಂದ ಗೆದ್ದ. ಮೂರನೆಯದು ನಿರ್ಣಾಯಕ. ನನಗೆ ಹಲಗೆ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ಅಪ್ಪನ ಬಲಗೈ. ಪ್ರತಿ ನಡೆಗೂ ಹೆಬ್ಬೆರಳು ತೋರುಬೆರಳಿನ ಮೇಲೆ ಒಂದೊಂದು ಗೆಣ್ಣು ಸರಿಯುತ್ತಿತ್ತು. ಗುಕೇಶ್ ಮೊದಲು ಕಾಲಾಳನ್ನು, ಬಳಿಕ ಕುದುರೆಯನ್ನು ಕಳೆದುಕೊಂಡಾಗ ಆ ಬೆರಳು ನಿಂತಿತು. ಆನಂದ್ 2006ರಲ್ಲಿ ಗೆದ್ದ ಮೇಲೆ ಇಲ್ಲಿ ಭಾರತೀಯನೊಬ್ಬ ಮತ್ತೆ ಗೆದ್ದಿದ್ದ. ಹಿಂದಿನ ವರ್ಷವೂ ಟೈಬ್ರೇಕ್‌ನಲ್ಲಿಯೇ ಚೀನಾದ ವೇಯ್ ಯಿಗೆ ಸೋತಿದ್ದ ಗುಕೇಶನಿಗಾಗಿ ನನ್ನ ಗಂಟಲು ಕಟ್ಟಿತು.

ಇನ್ನೊಂದು ಮಾತು. ಭಾನುವಾರ ರಾತ್ರಿಯ ಬಸ್ಸುಗಳ ಸಮಯವನ್ನು ಬೆಳಿಗ್ಗೆಯೇ ಬರೆದುಕೊಳ್ಳಿ. ನಾವು ಬರೆದುಕೊಂಡಿರಲಿಲ್ಲ. ಕತ್ತಲ ನಿಲ್ದಾಣದಲ್ಲಿ, ಸಮುದ್ರದ ಮೊರೆತ ಕೇಳುತ್ತಾ ಅರ್ಧ ಗಂಟೆ ಕಾದೆವು. ಅಪ್ಪ ಮೂರನೆಯ ಆಟದ ಕುದುರೆ ಯಾವ ಮನೆಯಲ್ಲಿ ಸಿಕ್ಕಿಬಿತ್ತೆಂದು ಬೆಂಚಿನ ಮೇಲಿನ ಇಬ್ಬನಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು.