‘ಅವರು’ ಎಂಬ ಆಶ್ರಯ

ಒಬ್ಬರು ತಮ್ಮನ್ನು ಇಂಥ ಸರ್ವನಾಮದಿಂದಲೇ ಕರೆಯಿರಿ ಎಂದಾಗ ಹಾಗೆ ಕರೆಯುವುದು ಬರಿಯ ಸೌಜನ್ಯವೇ, ಅಥವಾ ಒಂದು ಸಂಗತಿಯನ್ನು ನಿಜವೆಂದು ಒಪ್ಪಿಕೊಂಡಂತೆಯೇ ಎಂಬ ಮಾತು ಬಂದಾಗಲೆಲ್ಲ, ಕನ್ನಡದವರಿಗೆ ಈ ತೊಡಕೇ ಇಲ್ಲ, ‘ಅವರು’ ಎಂದರೆ ಮುಗಿಯಿತು ಎಂದು ನಾನು ಬಹುಕಾಲ ವಾದಿಸುತ್ತಿದ್ದೆ. 2021ರ ನವೆಂಬರಿನಲ್ಲಿ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದದ್ದನ್ನು ಕನ್ನಡದಲ್ಲಿ ಬರೆಯುವವರು ಲಿಂಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ‘ಪಡೆದರು’ ಎಂಬ ಒಂದು ಕ್ರಿಯಾಪದ ಆ ಭಾರವನ್ನೆಲ್ಲ ಹೊತ್ತುಕೊಂಡುಬಿಡುತ್ತದೆ.

ಈ ಆಶ್ರಯ ಕುಸಿದದ್ದು ನಮ್ಮ ಮನೆಯ ಜಗಲಿಯಲ್ಲಿ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು, ‘ಏನೋ’, ‘ಹೋಗೋ’ ಎಂದು ಮಾತನಾಡಿಕೊಂಡ ಗೆಳತಿ, ಬೇರೆ ಹೆಸರು ಇಟ್ಟುಕೊಂಡು, ಸೀರೆ ಉಟ್ಟು, ಬಹಳ ವರ್ಷಗಳ ಮೇಲೆ ಮನೆಗೆ ಬಂದಿದ್ದಳು. ನಾನು ಜಾಗರೂಕತೆಯಿಂದ ‘ನೀವು’ ಎಂದೆ, ಒಳಗಿದ್ದವರಿಗೆ ‘ಅವರು ಬಂದಿದ್ದಾರೆ’ ಎಂದು ಕೂಗಿ ಹೇಳಿದೆ. ಅವಳು ನಕ್ಕು, “ನನ್ನನ್ನು ಯಾವಾಗ ಇಷ್ಟು ದೂರದವಳನ್ನಾಗಿ ಮಾಡಿದೆ?” ಎಂದಳು. ಬಹುವಚನ ಗೌರವವೇನೋ ಹೌದು, ಆದರೆ ಸಲುಗೆಯಿದ್ದವರ ನಡುವೆ ಅದು ಬಾಗಿಲಿಗೆ ಹಾಕಿದ ಅಗುಳಿ. ಅವಳಿಗೆ ಬೇಕಾಗಿದ್ದದ್ದು ‘ಅವಳು’. ನಾನು ತಪ್ಪಿಸಿಕೊಂಡದ್ದೂ ಅದನ್ನೇ.

ಹುಟ್ಟಿನಿಂದ ಬಂದ ದೇಹ ಗಂಡಿನದಾಗಿರುವಾಗ ‘ಅವಳು’ ಎನ್ನುವುದು ಸುಳ್ಳಾಗುತ್ತದೆ ಎನ್ನುವ ಸ್ನೇಹಿತರು ನನಗಿದ್ದಾರೆ. ಅವರು ಕೆಟ್ಟವರಲ್ಲ, ಮಾತಿಗೆ ಬೆಲೆ ಕೊಡುವವರು. ಆದರೆ ಒಬ್ಬರೇ ಇರುವ ಮಾವನನ್ನು ‘ಬಂದರು’ ಎನ್ನುವಾಗ ಅವರಲ್ಲಿ ಯಾರೂ ಲೆಕ್ಕ ತಪ್ಪಿತೆಂದು ಹೇಳಿದ್ದಿಲ್ಲ. ಮಗು ಅತ್ತಿತು ಎನ್ನುತ್ತೇವೆ, ಸೂರ್ಯ ಮುಳುಗಿದನು ಎನ್ನುತ್ತೇವೆ. ಒಂದೇ ವಯಸ್ಸಿನ ಇಬ್ಬರಲ್ಲಿ ಬ್ಯಾಂಕಿನ ಮ್ಯಾನೇಜರು ‘ಅವರು’, ಆಟೋ ಓಡಿಸುವವನು ‘ಅವನು’. ನಮ್ಮ ಸರ್ವನಾಮಗಳು ದೇಹದ ತಪಾಸಣಾ ವರದಿಯಾಗಿ ಎಂದೂ ಇರಲಿಲ್ಲ, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಅವು ಹೇಳುತ್ತವೆ. ದೇಹದ ಸಂಗತಿಯೇ ಮುಖ್ಯವಾದ ಕಡೆ, ಉದಾಹರಣೆಗೆ ವೈದ್ಯರ ಮುಂದೆ, ಅದನ್ನು ಬಿಡಿಸಿ ಹೇಳಲು ಬೇರೆ ಪದಗಳಿವೆ, ‘ಅವಳು’ ಎಂದವರೂ ಅವನ್ನು ಬಳಸಬಹುದು. 2014ರ ಏಪ್ರಿಲಿನ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕಬಾರದೆಂದೂ ಹೇಳಿತು. ಆದರೆ ಜಗಲಿಯ ಮೇಲೆ ಯಾವ ಪದ ಬಾಯಿಗೆ ಬರಬೇಕೆಂಬುದು ಕೋರ್ಟಿನ ಕೈಯಲ್ಲಿಲ್ಲ.

ಬೀದಿಯಲ್ಲಿ ಅವಳನ್ನು ಜನ ‘ಅದು’ ಎನ್ನುತ್ತಾರೆ, ಅದಕ್ಕಿಂತ ಹೀನವಾದ ಬೈಗುಳ ತನಗೆ ಗೊತ್ತಿಲ್ಲ ಎಂದು ಅವಳು ಅಂದು ಹೇಳಿದಳು. ವಿಚಿತ್ರವೆಂದರೆ ನಮ್ಮ ಮನೆಮಾತು ಹವ್ಯಕ ಕನ್ನಡ, ಅದರಲ್ಲಿ ಅಕ್ಕ, ಅತ್ತೆ, ಅಬ್ಬೆ ಎಲ್ಲರೂ ‘ಅದು’ವೇ, ಹುಡುಗ ಬಂದರೆ ‘ಮಾಣಿ ಬೈಂದ’, ಹುಡುಗಿ ಬಂದರೆ ‘ಕೂಸು ಬೈಂದು’. ಅವಳ ಹಳೆಯ ಹೆಸರು, ಹಳೆಯ ಚಡ್ಡಿ ಎರಡನ್ನೂ ಬಲ್ಲ ನನ್ನ ಅಮ್ಮ ಅಡಿಗೆಮನೆಯಿಂದ ಬಂದು, ಕನ್ನಡಕ ಏರಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಒಳಗಿದ್ದ ಅಪ್ಪನಿಗೆ ಕೇಳುವಂತೆ, “ಕೂಸು ಬೈಂದು” ಎಂದು ಹೇಳಿ, ಕಾಫಿಗೆ ನೀರಿಡಲು ಹೋದಳು.