ಮೂರು ಕಡ್ಡಿ, ಮೂರು ವಾರ

ಕೊನೆಗೂ ಮುಚ್ಚಳ ಕೂತಿತು! ಗಣಿತಜ್ಞ ಜಾನ್ ಕಾನ್ವೇಯ 5×5×5 ಪೆಟ್ಟಿಗೆ ಪಜಲ್, ಒಂದು ಸಂದಿಯೂ ಉಳಿಯದ ಹಾಗೆ ಎಲ್ಲಾ ಬ್ಲಾಕ್ ಒಳಗೆ ಕೂರಿಸಬೇಕು. 1×2×4ರ ಬ್ಲಾಕ್ 13, 2×2×2 ಒಂದು, 1×2×2 ಒಂದು, 1×1×3ರ ಕಡ್ಡಿ ಮೂರು.

ಕೊಯ್ಯೋದು, ಅಂಟಿಸೋದು ನಿಮಗೆ ಗೊತ್ತಿರೋದೇ, ಬಿಡಿ. ಮರದ ಬಗ್ಗೆ ಮಾತ್ರ ಗೊಣಗಲೇಬೇಕು. 20 ಮಿ.ಮೀ. ದಪ್ಪ (ನನ್ನ ಪೆಟ್ಟಿಗೆಯಲ್ಲಿ ಅದೇ 1) ಅಂತ ಕಳಿಸಿದ ಹಲಗೆ, ದಪ್ಪ ಅಳೆಯೋ ಕ್ಯಾಲಿಪರ್‌ನಲ್ಲಿ 20.4 ತೋರಿಸಿತು. ಐದು ಸಾಲಾಗಿ ಇಟ್ಟರೆ 102, ಪೆಟ್ಟಿಗೆಯ ಒಳಗೆ 100.5. ಮರ ಕಳಿಸಿದವರಿಗೆ ಫೋನ್ ಮಾಡಿದರೆ "ಅಷ್ಟು ಇದ್ದೇ ಇರುತ್ತೆ" ಅಂದರು. ಎರಡು ಸಂಜೆ ಸುಮ್ನೆ ಉಜ್ಜಿದ್ದಾಯಿತು. ಒಂದೇ ಲಾಭ ಅಂದರೆ, ಆಮೇಲೆ ಪಜಲ್ ಕೂರದಿದ್ದಾಗಲೆಲ್ಲ ಮರವನ್ನೇ ಬೈದುಕೊಂಡೆ.

ತಪ್ಪು ನನ್ನದೇ ಆಗಿತ್ತು. ದೊಡ್ಡವನ್ನು ಮೊದಲು ತುಂಬಿ, ಕಡ್ಡಿಗಳನ್ನು ಸಂದಿ ಮುಚ್ಚೋಕೆ ಉಳಿಸಿಕೊಳ್ಳುತ್ತಿದ್ದೆ. ಎಲ್ಲರೂ ಹಾಗೇ ಅಲ್ವಾ? ಪ್ರತಿ ಸಲವೂ ಕೈಯಲ್ಲೊಂದು ಕಡ್ಡಿ, ಪೆಟ್ಟಿಗೆಯಲ್ಲಿ ಅಲ್ಲೊಂದು ಇಲ್ಲೊಂದು ತೂತು.

ಸೋತ ಜೋಡಣೆಯೊಂದನ್ನು ಪದರ ಪದರವಾಗಿ ಗ್ರಾಫ್ ಹಾಳೆಯಲ್ಲಿ ಬರೆಯುವಾಗ ಹೊಳೆಯಿತು. ಒಂದು ಪದರಕ್ಕೆ 25 ಮನೆ. ಕಡ್ಡಿ ಬಿಟ್ಟು ಬೇರೆ ಯಾವ ಬ್ಲಾಕನ್ನು ಹೇಗೆ ಮಲಗಿಸಿದರೂ ಒಂದು ಪದರದಲ್ಲಿ 2, 4 ಇಲ್ಲಾ 8 ಮನೆ ತುಂಬುತ್ತೆ. ಎಲ್ಲಾ ಸಮ. 25 ಬೆಸ! ಅಂದರೆ ಪ್ರತಿ ಪದರಕ್ಕೂ ಕಡ್ಡಿ ಬೇಕೇ ಬೇಕು. ಮೂರು ದಿಕ್ಕಿಗೆ ಐದೈದರಂತೆ 15 ಪದರ. ಒಂದು ಕಡ್ಡಿ ಮುಟ್ಟೋದು ಐದನ್ನು: ಉದ್ದದ ದಿಕ್ಕಲ್ಲಿ ಮೂರು, ಉಳಿದೆರಡು ದಿಕ್ಕಲ್ಲಿ ಒಂದೊಂದು. ಮೂರು ಕಡ್ಡಿಗೆ ಸರಿಯಾಗಿ 15. ಒಂದೇ ಪದರಕ್ಕೆ ಎರಡು ಬಂದರೆ ಇನ್ನೆಲ್ಲೋ ಕೈ ಕೊಡುತ್ತೆ.

ಹಾಗಾಗಿ ಮೂರೂ ಬೇರೆ ಬೇರೆ ದಿಕ್ಕಿಗೆ. ಒಂದು ತಳದ ಮೂಲೆಯಲ್ಲಿ ಮಲಗಿರಬೇಕು, ನಡುವಿನದು ನಿಂತಿರಬೇಕು, ಮೂರನೆಯದು ಮೇಲೆ ಎದುರು ಮೂಲೆಯಲ್ಲಿ. ತುದಿಗೆ ತುದಿ ಬರೀ ಮೂಲೆಯಲ್ಲಿ ತಾಗುತ್ತೆ, ಮೆಟ್ಟಿಲಿನ ಹಾಗೆ. ಆದರೆ ಕಡ್ಡಿ ಗಾಳಿಯಲ್ಲಿ ನಿಲ್ಲಲ್ವಲ್ಲ! ಐದೂ ಪದರದ ಚಿತ್ರದಲ್ಲಿ ಕಡ್ಡಿಯ ಮನೆಗಳಿಗೆ ಕೆಂಪು ಬಳಿದು, ಆ ಮನೆ ಬಿಟ್ಟು ಕೆಳಗಿಂದ ತುಂಬುತ್ತಾ ಬಂದೆ. ಮೂರು ವಾರ ಆಗದ್ದು ಒಂದೇ ಸಂಜೆಗೆ ಆಯಿತು. ಕೊನೆಯ ಕಡ್ಡಿ ಅರ್ಧಕ್ಕೆ ನಿಂತಿತ್ತು, ಹೆಬ್ಬೆರಳಲ್ಲಿ ಒತ್ತಿದೆ, 'ಟಕ್' ಅಂತು.

ಮುಂದಿನದು ಹಾಫ್‌ಮನ್ ಪಜಲ್. 18×20×22 ಮಿ.ಮೀ. ಅಳತೆಯ 27 ಬ್ಲಾಕ್, ಮೂರೂ ಕಡೆ 60ರ ಪೆಟ್ಟಿಗೆ. ಉತ್ತರ 21 ಇವೆ, ಆದರೆ ಖಾಲಿ ಉಳಿಯೋದು ನೂರಕ್ಕೆ ಒಂದು ಭಾಗ ಅಷ್ಟೇ. ಈ ಸಲ ಮರ ಬೇರೆಯವರ ಹತ್ತಿರ ತರಿಸಿದೆ. 18ರ ಹಲಗೆಗೆ ಈಗಷ್ಟೇ ಕ್ಯಾಲಿಪರ್ ಇಟ್ಟೆ.

18.3.